ಎಲೆಗೆ ತೂತು ಕೊರೆದು ಹಾಡುವ ಗಂಡು

ಚಿಕ್ಕಬಳ್ಳಾಪುರ ಜಿಲ್ಲೆಯ ಉಲ್ಲೋಡು ಸುತ್ತಿನ ಬಯಲಿನಲ್ಲಿ ತುಳಸಿಯ ಕುಟುಂಬಕ್ಕೆ ಸೇರಿದ, ಕಟುವಾಸನೆಯ ಕಳೆಗಿಡವೊಂದು ಪೊದೆಪೊದೆಯಾಗಿ ಬೆಳೆಯುತ್ತದೆ. ಕತ್ತಲಾಗುತ್ತಿದ್ದಂತೆ ಆ ಪೊದೆಗಳಲ್ಲಿ ಇಕಾಂಥಸ್ ಹೆನ್ರಿ ಎಂಬ ಪುಟ್ಟ ಚಿಮ್ಮಂಡೆಗಳ ಹಾಡು ಶುರುವಾಗುತ್ತದೆ. ಹಾಡುವುದು ಗಂಡು ಮಾತ್ರ. ಹೆಣ್ಣು ಮುಂಗಾಲುಗಳಲ್ಲಿರುವ ಕಿವಿಯಿಂದ ಕೇಳಿಸಿಕೊಂಡು, ತನಗೆ ಹಿಡಿಸಿದ ಹಾಡಿನ ದಿಕ್ಕಿಗೆ ಎಲೆಯಿಂದೆಲೆಗೆ ನಡೆದು ಹೋಗುತ್ತದೆ. ಯಾವ ಗಂಡಿನ ಸಂತಾನ ಮುಂದುವರಿಯಬೇಕು ಎಂಬುದು ಬಹುಪಾಲು ಆ ನಡಿಗೆಯಲ್ಲೇ ತೀರ್ಮಾನವಾಗುತ್ತದೆ.

1871ರಲ್ಲಿ ಚಾರ್ಲ್ಸ್ ಡಾರ್ವಿನ್ ‘ದಿ ಡಿಸೆಂಟ್ ಆಫ್ ಮ್ಯಾನ್’ ಪುಸ್ತಕದಲ್ಲಿ ಲೈಂಗಿಕ ಆಯ್ಕೆಯ ಸಿದ್ಧಾಂತವನ್ನು ವಿಸ್ತಾರವಾಗಿ ಮಂಡಿಸಿದಾಗ, ಗಂಡುಗಳು ಪರಸ್ಪರ ಕಾದಾಡುತ್ತವೆ, ಗೆದ್ದವಕ್ಕೆ ಮರಿ ಹೆಚ್ಚು ಎಂಬ ಭಾಗವನ್ನು ಅಂದಿನ ವಿದ್ವಾಂಸರು ಸುಲಭವಾಗಿ ಒಪ್ಪಿಕೊಂಡರು. ಹೆಣ್ಣು ಆರಿಸುತ್ತದೆ, ಆ ಆಯ್ಕೆಯೇ ತಲೆಮಾರುಗಳುದ್ದಕ್ಕೂ ಗಂಡಿನ ರೂಪವನ್ನು ತಿದ್ದುತ್ತದೆ ಎಂಬ ಮಾತು ಮಾತ್ರ ಅವರಿಗೆ ರುಚಿಸಲಿಲ್ಲ. ನೈಸರ್ಗಿಕ ಆಯ್ಕೆಯನ್ನು ಡಾರ್ವಿನ್ನನಷ್ಟೇ ಸ್ವತಂತ್ರವಾಗಿ ಕಂಡುಕೊಂಡಿದ್ದ ಆಲ್‌ಫ್ರೆಡ್ ರಸೆಲ್ ವಾಲೇಸ್ ಕೂಡ ಅದನ್ನು ತಳ್ಳಿಹಾಕಿದ. ಹೆಣ್ಣಿನ ಆಯ್ಕೆ ಸಂಶೋಧನೆಯ ಮುಖ್ಯ ವಿಷಯವಾಗಲು ಸುಮಾರು ನೂರು ವರ್ಷ ಬೇಕಾಯಿತು. ವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ದೊಡ್ಡ ವಿಳಂಬಗಳು ಅಪರೂಪ. ಅದಕ್ಕೆ ಸಾಕ್ಷ್ಯದ ಕೊರತೆ ಎಷ್ಟು ಕಾರಣವೋ ಕಾಲದ ಪೂರ್ವಗ್ರಹವೂ ಅಷ್ಟೇ ಕಾರಣ ಎಂದು ನನಗನ್ನಿಸುತ್ತದೆ.

ನಮ್ಮ ಚಿಮ್ಮಂಡೆಗೆ ಬರೋಣ. ಕತ್ತಲಲ್ಲಿ, ದೂರದಲ್ಲಿ ಕುಳಿತ ಗಂಡು ದೊಡ್ಡದೋ ಸಣ್ಣದೋ ಎಂದು ಹೆಣ್ಣಿಗೆ ಗೊತ್ತಾಗುವುದು ಹೇಗೆ? ಕಪ್ಪೆಯಂಥ ಅನೇಕ ಪ್ರಾಣಿಗಳಲ್ಲಿ ದೇಹ ದೊಡ್ಡದಾದಷ್ಟೂ ದನಿ ತಗ್ಗುತ್ತದೆ. ಇಕಾಂಥಸ್ ಹೆನ್ರಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದರ ಸ್ವರ ಏರಿಳಿಯುವುದು ಆ ಹೊತ್ತಿನ ತಾಪಮಾನಕ್ಕೆ ತಕ್ಕಂತೆ. ಚಳಿಯಿದ್ದರೆ ತಗ್ಗು, ಸೆಕೆಯಿದ್ದರೆ ಎತ್ತರ. ಹಾಗಾಗಿ ಸ್ವರ ಕೇಳಿ ಮೈಯಳತೆ ತಿಳಿಯುವಂತಿಲ್ಲ. ಉಳಿಯುವುದು ಸದ್ದಿನ ಜೋರು. ಹೆಣ್ಣು ಜೋರಾದ ಹಾಡಿನತ್ತಲೇ ಹೆಚ್ಚು ಒಲಿಯುತ್ತದೆ.

ಜೋರಾಗಿ ಹಾಡುವುದು ಇಷ್ಟು ಪುಟ್ಟ ಜೀವಕ್ಕೆ ಸುಲಭವಲ್ಲ. ಗಂಡು ರೆಕ್ಕೆಗಳನ್ನು ಮೇಲೆತ್ತಿ ಒಂದಕ್ಕೊಂದು ಉಜ್ಜುತ್ತದೆ, ರೆಕ್ಕೆ ಕಂಪಿಸುತ್ತದೆ. ರೆಕ್ಕೆ ಮುಂದಕ್ಕೆ ಬಾಗಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ಸಡಿಲವಾಗುತ್ತದೆ. ಸೆಕೆಂಡಿಗೆ ಸುಮಾರು 3,000 ಕಂಪನಗಳಿರುವ ಈ ಸದ್ದಿನ ತರಂಗದ ಉದ್ದ 11 ಸೆಂಟಿಮೀಟರಿನಷ್ಟು. ರೆಕ್ಕೆ ಅದರ ಮುಂದೆ ತೀರಾ ಚಿಕ್ಕದು. ಹಾಗಾಗಿ ಮುಂದಿನ ಒತ್ತಡವೂ ಹಿಂದಿನ ಸಡಿಲವೂ ರೆಕ್ಕೆಯ ಅಂಚನ್ನು ಬಳಸಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಪೆಟ್ಟಿಗೆಯಿಂದ ಬಿಚ್ಚಿ ಹೊರಗಿಟ್ಟ ಸ್ಪೀಕರ್ ಸೊರಗಿದ ದನಿ ಕೊಡುವುದೂ ಇದೇ ಕಾರಣಕ್ಕೆ. ಪಟ್ಟ ಶ್ರಮದ ಬಹುಪಾಲು ಹಾಡಾಗುವ ಮೊದಲೇ ಕರಗಿಹೋಗುತ್ತದೆ.

ಕೆಲವು ಗಂಡುಗಳು ಇದಕ್ಕೊಂದು ಉಪಾಯ ಮಾಡುತ್ತವೆ. ಎಲೆಯ ನಡುವೆ ತಮ್ಮ ರೆಕ್ಕೆಯ ಅಳತೆಗೆ ಸರಿಯಾಗಿ ಒಂದು ತೂತು ಕೊರೆಯುತ್ತವೆ, ಅದರೊಳಗೆ ತೂರಿ ನಿಂತು ರೆಕ್ಕೆಗಳನ್ನು ಎಲೆಯ ಮೈಗೆ ಹೊಂದುವಂತೆ ಅಗಲಿಸಿ ಹಾಡುತ್ತವೆ. ಎಲೆಯೀಗ ಅಡ್ಡಗೋಡೆ. ಮುಂದಿನ ತರಂಗ ಹಿಂದಿನದನ್ನು ಸುಲಭವಾಗಿ ಸೇರಲಾರದು, ಸದ್ದು ಎರಡು ಮೂರು ಪಟ್ಟು ಹೆಚ್ಚುತ್ತದೆ. ದಕ್ಷಿಣ ಆಫ್ರಿಕದ ಹತ್ತಿರದ ಸಂಬಂಧಿಯೊಂದು ಹೀಗೆ ಮಾಡುವುದು 1975ರಲ್ಲೇ ವರದಿಯಾಗಿತ್ತು. ನಮ್ಮ ಚಿಮ್ಮಂಡೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ನತಾಶಾ ಮ್ಹಾತ್ರೆ ಮುಂದಾಳುತನದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಕೀಟ ಸಿಕ್ಕ ಎಲೆಯಲ್ಲಿ ಸಿಕ್ಕಲ್ಲಿ ಕೊರೆಯುವುದಿಲ್ಲ. ದೊಡ್ಡ ಎಲೆಯನ್ನೇ ಆರಿಸುತ್ತದೆ, ತೂತನ್ನು ನಡುವಿಗೇ ತರುತ್ತದೆ. ಭೌತವಿಜ್ಞಾನದ ಲೆಕ್ಕ ಹಾಕಿದರೂ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆ. ಗಿಡದಿಂದ ಬೇರ್ಪಡದ ಎಲೆಯನ್ನು ಉಪಕರಣ ಎನ್ನಬಹುದೇ ಎಂದು ತಜ್ಞರು ವಾದಿಸಬಹುದು; ನನಗೆ ಅನುಮಾನವಿಲ್ಲ, ಇದು ಉಪಕರಣವೇ.

ಇಷ್ಟು ಒಳ್ಳೆಯ ಉಪಾಯವಿದ್ದ ಮೇಲೆ ಎಲ್ಲ ಗಂಡುಗಳೂ ಎಲೆ ಕೊರೆಯಬೇಕಿತ್ತಲ್ಲ? ಬಯಲಿನಲ್ಲಿ ನೋಡಿದರೆ ಹೆಚ್ಚಿನವು ಎಲೆಯಂಚಿನಲ್ಲಿ ಕುಳಿತು ಬರಿದೇ ಹಾಡುತ್ತವೆ. ರಿತ್ತಿಕ್ ದೇಬ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಈ ಒಗಟನ್ನು ಬಿಡಿಸಿತು. ಎಲೆಗೆ ಕೈಹಾಕುವವು ಸಣ್ಣ ಮೈಯ, ಮೆಲುದನಿಯ ಗಂಡುಗಳು. ಬರಿಯ ರೆಕ್ಕೆಯನ್ನೇ ನೆಚ್ಚಿಕೊಂಡರೆ ಅವುಗಳ ಹಾಡು ಹೆಚ್ಚು ಹೆಣ್ಣುಗಳನ್ನು ತಲುಪದು. ತಲುಪಿದರೂ ಪಕ್ಕದ ದೊಡ್ಡ ಗಂಡಿನ ಸದ್ದಿಗೆ ಸೋಲುತ್ತದೆ. ಎಲೆಯ ನೆರವಿನಿಂದ ಅವು ಜೋರುದನಿಯವರ ಸಾಲಿಗೆ ಬಂದು ನಿಲ್ಲುತ್ತವೆ, ಹೆಚ್ಚು ಹೆಣ್ಣುಗಳನ್ನು ಸೆಳೆಯುತ್ತವೆ.

ಲೈಂಗಿಕ ಆಯ್ಕೆ ಎಂದೊಡನೆ ನಾವು ಬಲಿಷ್ಠರ ಮೆರವಣಿಗೆಯನ್ನೇ ಕಲ್ಪಿಸಿಕೊಳ್ಳುತ್ತೇವೆ. ಉದ್ದನೆಯ ಗರಿ, ಭಾರದ ಕೊಂಬು, ಕಣ್ಣು ಕುಕ್ಕುವ ಬಣ್ಣ. ಆದರೆ ಹೆಣ್ಣಿನ ಆಯ್ಕೆ ಬಿಗಿಯಾದಷ್ಟೂ ಹಿಂದೆ ಬಿದ್ದವರ ಮೇಲೆ ಒತ್ತಡ ಹೆಚ್ಚು, ಅಡ್ಡದಾರಿ ಹುಡುಕಿದವರಿಗೆ ಲಾಭವೂ ಹೆಚ್ಚು. ಈ ಕೀಟದ ಕುಶಲತೆ ಮೂಡಿದ್ದು ಆ ಒತ್ತಡದ ಕೆಳಗೆ. ಹೆಣ್ಣು ಕೇಳುವುದರಲ್ಲಿ ಇಷ್ಟು ನಿಷ್ಠುರವಾಗಿರದಿದ್ದರೆ ಎಲೆ ಕೊರೆಯುವ ಗಂಡಿಗೆ ಅದರಿಂದ ಇಷ್ಟು ಲಾಭ ಸಿಗುತ್ತಿರಲಿಲ್ಲ.

ಹಾಗೆಂದು ಹೆಣ್ಣು ಮೋಸಹೋಗಿ ಕೈಚೆಲ್ಲಿ ಕೂತಿತು ಎಂದುಕೊಳ್ಳಬೇಕಿಲ್ಲ. ಹತ್ತಿರ ಬಂದ ಮೇಲೆ ಅದು ಗಂಡಿನ ಬೆನ್ನೇರಿ, ರೆಕ್ಕೆಯ ಬುಡದ ಗ್ರಂಥಿಯಲ್ಲಿ ಒಸರುವ ರಸವನ್ನು ಸವಿಯುತ್ತದೆ. ಗಂಡು ವೀರ್ಯವನ್ನು ಒಂದು ಪುಟ್ಟ ಕೋಶದಲ್ಲಿಟ್ಟು ಹೆಣ್ಣಿನ ಮೈಗೆ ಹೊರಗಿನಿಂದ ಅಂಟಿಸುತ್ತದೆ. ವೀರ್ಯ ಅದರಿಂದ ನಿಧಾನವಾಗಿ ಒಳಗೆ ಹರಿಯಬೇಕು. ಆ ಕೋಶವನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು, ಯಾವಾಗ ಕಿತ್ತು ತಿಂದುಬಿಡಬೇಕು ಎಂಬುದು ಹೆಣ್ಣಿನ ಕೈಯಲ್ಲಿದೆ. ಬೇಗ ಕಿತ್ತರೆ, ಕೂಡಿದ ಗಂಡಿಗೂ ಮರಿಗಳಲ್ಲಿ ಪಾಲು ಕಡಿಮೆಯೇ.