ಜಾತ್ರೆಯಲ್ಲಿ ಟ್ಯಾಟೂ ಹಾಕಿಸ್ತೀರಾ? ಎಲ್ಲಿ ನೋಯುತ್ತೆ, ಎಷ್ಟು ನೋಯುತ್ತೆ ಮೊದಲೇ ತಿಳ್ಕೊಳ್ಳಿ

"ಅಣ್ಣ, ತುಂಬಾ ನೋಯುತ್ತಾ?"

ನನ್ನ ಬಲಗೈ ಟ್ಯಾಟೂ ನೋಡಿದವರೆಲ್ಲ ಮೊದಲು ಕೇಳೋದು ಇದನ್ನೇ. ಮೊನ್ನೆ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿ ಹುಡುಗನೂ ಕೇಳಿದ. ಜಾತ್ರೆ ಹತ್ತಿರ ಬಂತು, ಅವನಿಗೆ ಎದೆ ಮೇಲೆ ಅವ್ವನ ಹೆಸರು ಹಾಕಿಸ್ಕೋಬೇಕಂತೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನೋಯುತ್ತೆ. "ಇರುವೆ ಕಚ್ಚಿದಂಗೆ ಅಷ್ಟೇ" ಅನ್ನುವವರನ್ನು ನಂಬಬೇಡಿ. ಮಷೀನಿನ ಸೂಜಿ ಚರ್ಮದೊಳಗೆ ಒಂದರಿಂದ ಎರಡು ಮಿಲಿಮೀಟರ್ ಇಳಿಯುತ್ತದೆ, ಅದೂ ಸೆಕೆಂಡಿಗೆ ಹತ್ತಾರು ಸಲ. ಶಾಯಿ ಮೇಲಿನ ಪದರದಲ್ಲೇ ನಿಂತರೆ ಚರ್ಮ ಉದುರಿದಂತೆ ಅದೂ ಉದುರಿ ಹೋಗುತ್ತೆ. ಅದಕ್ಕೇ ಕೆಳಗಿನ ಪದರಕ್ಕೆ ಹಾಕಬೇಕು. ನರದ ತುದಿ, ಸಣ್ಣ ರಕ್ತನಾಳ ಎಲ್ಲ ಇರುವುದು ಅಲ್ಲೇ. ಹಾಗಾಗಿ ಸ್ವಲ್ಪ ರಕ್ತ ಒಸರಿದರೆ ಗಾಬರಿ ಬೀಳಬೇಡಿ.

ನೋವು ಹೇಗಿರುತ್ತೆ ಅಂದ್ರೆ, ಜಾಲಿಮುಳ್ಳು ಗೀರಿದ ಜಾಗದಲ್ಲೇ ಮತ್ತೆ ಮತ್ತೆ ಗೀರಿ, ಮೇಲೆ ಖಾರದ ಕೈ ತಾಗಿಸಿದ ಹಾಗೆ. ಮೊದಲ ಹತ್ತು ನಿಮಿಷ ಹಲ್ಲು ಕಚ್ಚಿ ಕೂರಬೇಕು. ಆಮೇಲೆ ಮೈ ಒಗ್ಗಿಕೊಳ್ಳುತ್ತೆ, ಬರೀ ಉರಿ ಉಳಿಯುತ್ತೆ. ಗಂಟೆ ದಾಟುವ ದೊಡ್ಡ ಚಿತ್ರವಾದರೆ ತಾಳ್ಮೆ ಮುಗಿದು ಮತ್ತೆ ನೋವು ಏರುತ್ತೆ. ಗೆರೆ ಎಳೆಯುವಾಗ ಚುರುಕ್ ಅನ್ನುತ್ತೆ, ಬಣ್ಣ ತುಂಬುವಾಗ ಉಜ್ಜಿದಂತಾಗುತ್ತೆ. ಚಿಕ್ಕ ಹೆಸರಾದರೆ ನೋವು ಜೋರಾಗುವ ಮೊದಲೇ ಕೆಲಸ ಮುಗಿದಿರುತ್ತೆ.

ಎಲ್ಲಿ ಹಾಕಿಸುತ್ತೀರಿ ಅನ್ನೋದೇ ಮುಖ್ಯ. ತೋಳಿನ ಹೊರಭಾಗ, ಮೀನಖಂಡದಲ್ಲಿ ಮಾಂಸ ಇರುತ್ತೆ, ತಡೆದುಕೊಳ್ಳಬಹುದು. ಪಕ್ಕೆಲುಬು, ಪಾದದ ಮೇಲ್ಭಾಗ, ಕಾಲಿನ ಗಿಣ್ಣು, ಮೊಣಕೈ, ಎದೆ ನಡುವಿನ ಮೂಳೆ ಇಲ್ಲೆಲ್ಲ ಚರ್ಮದ ಕೆಳಗೇ ಮೂಳೆ. ಸೂಜಿಯ ನಡುಕ ಮೂಳೆಗೇ ಕೇಳಿಸಿದಂತಾಗುತ್ತೆ. ಖಾಲಿ ಹೊಟ್ಟೆಯಲ್ಲಿ ಹೋದರೆ ತಲೆಸುತ್ತು ಬರಬಹುದು, ಊಟ ಮಾಡಿ ಹೋಗಿ. ಧೈರ್ಯಕ್ಕೆ ಅಂತ ಕುಡಿದು ಹೋದರೆ ರಕ್ತ ಜಾಸ್ತಿ ಒಸರುತ್ತೆ, ಶಾಯಿಯೂ ಸರಿ ಕೂರಲ್ಲ.

ನಮ್ಮಜ್ಜಿಗೆ ಮೊಣಕೈವರೆಗೂ ಹಸಿರು ಹಚ್ಚೆ ಇತ್ತು. ಊರಿಗೆ ಬರುತ್ತಿದ್ದ ಕೊರವಂಜಿ ಮೂರ್ನಾಲ್ಕು ಸೂಜಿ ಒಟ್ಟಿಗೆ ಕಟ್ಟಿ, ಮಸಿಯಲ್ಲಿ ಅದ್ದಿ ಚುಚ್ಚುತ್ತಿದ್ದಳಂತೆ. ಮಗು ನೋವು ಮರೀಲಿ ಅಂತ ಹಾಡು ಹೇಳುತ್ತಿದ್ದಳಂತೆ. "ಇಬ್ರು ಹಿಡ್ಕಂಡಿದ್ರು ಕಣೋ ನನ್ನ" ಅಂತ ಅಜ್ಜಿ ನಗುತ್ತಿದ್ದಳು. ಆಗ ಒಂದೇ ಸೂಜಿ ಊರಿನ ಎಲ್ಲ ಹುಡುಗಿಯರಿಗೂ.

ಈಗಲೂ ಜಾತ್ರೆಯ ಎಷ್ಟೋ ಸ್ಟಾಲಿನಲ್ಲಿ ಅದೇ ಕಥೆ. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅಂಥದ್ದೇ ಒಂದು ಸ್ಟಾಲಿನಲ್ಲಿ ಕೂತೆ. ನನ್ನ ಮುಂದಿದ್ದವನಿಗೆ ಹಾಕಿದ ಸೂಜಿಯನ್ನು ಬಟ್ಟೆಯಲ್ಲಿ ಒರೆಸಿ ನನಗೂ ಹಾಕಿದ. ನೋಡಿಯೂ ಸುಮ್ಮನಿದ್ದೆ, ಫ್ರೆಂಡ್ಸ್ ಮುಂದೆ ಹೇಗೆ ಎದ್ದು ಬರೋದು? ನಾಲ್ಕನೇ ದಿನ ಕೀವು, ಜ್ವರ. ಡಾಕ್ಟರ್ ಮೊದಲು ಕೇಳಿದ್ದೇ "ಸೂಜಿ ಹೊಸದಾ?" ಅಂತ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಮೂರೂ ರಕ್ತ ಹತ್ತಿದ ಸೂಜಿಯಿಂದ ಹರಡಬಲ್ಲವು. ತಕ್ಷಣ ಪರೀಕ್ಷೆ ಮಾಡಿದರೆ ಗೊತ್ತಾಗಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸು ಅಂದರು. ರಿಪೋರ್ಟಿನಲ್ಲಿ ಏನೂ ಇರಲಿಲ್ಲ, ಆದರೆ ಆ ಮೂರು ತಿಂಗಳು ಮನೆಯಲ್ಲಿ ಯಾರಿಗೂ ಹೇಳಲಾಗದೆ ಕಳೆದೆ. ಸೂಜಿ ನೋವು ಅದರ ಮುಂದೆ ಏನೂ ಅಲ್ಲ.

ಅದಕ್ಕೇ ಹೇಳೋದು, ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಶಾಯಿಯನ್ನು ನಿಮಗಂತಲೇ ಬೇರೆ ಚಿಕ್ಕ ಕಪ್ಪಿಗೆ ಹಾಕಬೇಕು, ಉಳಿದದ್ದು ಚೆಲ್ಲಬೇಕು. ಗ್ಲೌಸ್ ಹೊಸದಿರಬೇಕು. ಕೇಳಿದ್ದಕ್ಕೆ ಮುಖ ಗಂಟು ಹಾಕಿದರೆ ಎದ್ದು ಬನ್ನಿ. ಈಗಾಗಲೇ ಹಾಕಿಸಿಕೊಂಡು ಅನುಮಾನ ಇದ್ದರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿಡುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಡಾಕ್ಟರ್ ಕೇಳಿಯೇ ಮುಂದುವರಿಯಿರಿ, ಗಾಯ ಮಾಗುವುದು ತಡ.

ಮೊದಲ ಎರಡು ಮೂರು ದಿನ ಕೆಂಪು, ಊತ, ಮುಟ್ಟಿದರೆ ನೋವು. ವಾರದೊಳಗೆ ತುರಿಕೆ ಶುರು, ಹೊಪ್ಪಳೆ ಏಳುತ್ತೆ. ಕೆರೆಯಬೇಡಿ, ಕಿತ್ತರೆ ಬಣ್ಣವೂ ಬರುತ್ತೆ. ಮೇಲ್ಚರ್ಮ ಮಾಗಲು ಎರಡು ಮೂರು ವಾರ ಬೇಕು, ಅಲ್ಲಿವರೆಗೆ ಕೆರೆ, ಬಾವಿ ಈಜು ಬೇಡ. ನೋವು ದಿನದಿನಕ್ಕೆ ಇಳಿಯಬೇಕು. ಏರಿದರೆ, ಕೆಂಪು ಹರಡಿದರೆ, ಜ್ವರ ಬಂದರೆ ಅರಿಶಿನ ಮೆತ್ತಿಕೊಂಡು ಕೂರದೆ ಆಸ್ಪತ್ರೆಗೆ ಹೋಗಿ. ರಕ್ತದಾನ ಮಾಡುವವರು ಟ್ಯಾಟೂ ಆದ ಮೇಲೆ 12 ತಿಂಗಳು ಕಾಯಬೇಕು, ಅದೂ ನೆನಪಿರಲಿ.

ಮೊಬೈಲ್ ಅಂಗಡಿ ಹುಡುಗನ ವಿಷಯಕ್ಕೆ ಬರ್ತೀನಿ. ಅವನು ದಿನಾ ಬೆಳಗ್ಗೆ ಐದಕ್ಕೆ ಎದ್ದು ಓಡುತ್ತಾನೆ, ಅಗ್ನಿವೀರ್ ರ‍್ಯಾಲಿಗೆ. ಸೇನೆಯ ನಿಯಮದಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈಯ ಒಳಭಾಗ, ಇಲ್ಲವೇ ಅಂಗೈ ಹಿಂಭಾಗ, ಇಷ್ಟರಲ್ಲೇ ಶಾಶ್ವತ ಟ್ಯಾಟೂಗೆ ಅವಕಾಶ. ಬುಡಕಟ್ಟು ಸಮುದಾಯದವರಿಗೆ ಮಾತ್ರ ವಿನಾಯಿತಿ. ಎದೆ ಮೇಲಿದ್ದರೆ ಮೆಡಿಕಲ್‌ನಲ್ಲೇ ವಾಪಸ್. ತೆಗೆಸಲು ಲೇಸರ್ ಇದೆ, ಆದರೆ ಹತ್ತಿರ ಹತ್ತಿರ ಹತ್ತು ಸಲ ಹೋಗಬೇಕಾಗಬಹುದು, ಅದೂ ನೋವೇ, ಖರ್ಚು ಹಾಕಿಸಿದ್ದಕ್ಕಿಂತ ಎಷ್ಟೋ ಪಟ್ಟು.

ಅವನಿಗೆ ಇದು ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಕೈ ಒಳಗಡೆ ಹಾಕಿಸ್ಲಾ ಅಣ್ಣ? ಅಲ್ಲಿ ಎಷ್ಟು ನೋಯುತ್ತೆ?" ಅಂದ. ಮಣಿಕಟ್ಟಿನ ಹತ್ತಿರ ಜಾಸ್ತಿ, ಸ್ವಲ್ಪ ಮೇಲಕ್ಕೆ ಹೋದರೆ ಕಡಿಮೆ ಅಂದೆ. ರ‍್ಯಾಲಿ ಮುಗಿದ ಮೇಲೆ ನೋಡ್ತೀನಿ ಅಂದಿದ್ದಾನೆ.