ಪ್ಲೇಟ್ ಗಟ್ಟಿನಾ, ರಾಡ್ ಗಟ್ಟಿನಾ?

ನಡುರಾತ್ರಿ ಊರಿಂದ ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ, ಅಲ್ವಾ? "ಅಮ್ಮ ಬಚ್ಚಲಲ್ಲಿ ಜಾರಿ ಬಿದ್ರು, ಸೊಂಟದ ಮೂಳೆ ಮುರಿದಿದೆ. ಪ್ಲೇಟ್ ಹಾಕ್ಸೋದಾ, ರಾಡ್ ಹಾಕ್ಸೋದಾ? ಯಾವುದು ಗಟ್ಟಿ?" ಇಲ್ಲಿ ಇಂಗ್ಲೆಂಡಿನಲ್ಲಿ ಕೂತು ನಾವು ಏನು ಹೇಳೋಣ?

ಸೊಂಟದ ಮೂಳೆ ಅಂತ ಕರೆದರೂ ಇಲ್ಲಿ ಮುರಿಯೋದು ತೊಡೆಮೂಳೆಯ ಮೇಲ್ತುದಿ. ಅಲ್ಲಿ ಚೆಂಡಿನಂಥ ತಲೆ, ಅದಕ್ಕೊಂದು ಓರೆಯಾದ ಕತ್ತು. ಕತ್ತಿನ ಬುಡದಲ್ಲಿ ಮುರಿದಾಗ ತಲೆಯೊಳಗೆ ಒಂದು ದಪ್ಪ ಸ್ಕ್ರೂ ಹಾಕ್ತಾರೆ. ಅದನ್ನು ಹಿಡಿದಿಡೋಕೆ ಮೂಳೆಯ ಹೊರಬದಿಗೆ ಪ್ಲೇಟ್, ಇಲ್ಲವೇ ಮಜ್ಜೆಯ ಕೊಳವೆಯೊಳಗೆ ರಾಡ್.

ಬರ್ಲಿನ್‌ನಲ್ಲಿ ಬೆರ್ಗ್‌ಮನ್ ಮತ್ತು ಸಂಗಡಿಗರು ಕೃತಕ ಸೊಂಟದ ಕೀಲಿನೊಳಗೇ ಸೆನ್ಸರ್ ಇಟ್ಟು ಅಳೆದರು. ಮಾಮೂಲಿ ನಡಿಗೆಯಲ್ಲೇ ಕೀಲಿನ ಮೇಲೆ ದೇಹತೂಕದ ಸುಮಾರು 2.4 ಪಟ್ಟು ಭಾರ! 60 ಕೆ.ಜಿ. ತೂಗುವ ಅಮ್ಮನಿಗೆ ಹೆಜ್ಜೆ ಹೆಜ್ಜೆಗೂ 140 ಕೆ.ಜಿ.ಗಿಂತ ಹೆಚ್ಚು.

ಈಗ ನೀರಿನ ಕೊಡ ನೆನಪಿಸಿಕೊಳ್ಳಿ. ಸೊಂಟಕ್ಕೆ ಆನಿಸಿಕೊಂಡರೆ ಹೊರಬಹುದು, ಕೈ ಚಾಚಿ ಹಿಡಿದರೆ ತೋಳು ಸೋಲುತ್ತೆ. ಭಾರ ಅಷ್ಟೇ, ದೂರ ಬೇರೆ. ರಾಡ್ ಭಾರದ ಗೆರೆಗೆ ಹತ್ತಿರ ಇರುತ್ತೆ, ಪ್ಲೇಟ್ ದೂರ. ಹಾಗಾಗಿ ರಾಡ್ ಮೇಲೆ ಬೀಳೋ ಬಾಗಿಸುವ ಒತ್ತಡ ಕಡಿಮೆ. ಮೂಳೆ ಚೂರುಚೂರಾಗಿ ತಾನೇ ಭಾರ ಹೊರಲಾಗದಿದ್ದಾಗ ಈ ವ್ಯತ್ಯಾಸ ಮುಖ್ಯವಾಗುತ್ತೆ.

ಹಾಗಾದ್ರೆ ಯಾವಾಗ್ಲೂ ರಾಡೇ ಸರಿನಾ? ಇಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲಿ ಕೊಟ್ಟ ಸಲಹೆ ನೋಡಿ: ಕತ್ತಿನ ಬುಡದ ಸಾಮಾನ್ಯ ಮುರಿತಕ್ಕೆ ಪ್ಲೇಟಿನ ಜಾರು ಸ್ಕ್ರೂ, ಇನ್ನೂ ಕೆಳಗೆ ಮುರಿದರೆ ರಾಡ್. ಯಾಕಂದ್ರೆ ಎರಡು ತುಂಡುಗಳು ಒಂದಕ್ಕೊಂದು ಆತುಕೊಂಡಿದ್ದರೆ ಮೂಳೆಯೂ ಭಾರ ಹಂಚಿಕೊಳ್ಳುತ್ತೆ. ಲೋಹ ತಡೆಯಬೇಕಾದ್ದು ಮೂಳೆ ಕೂಡೋವರೆಗೆ, ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳು.

ಇನ್ನೊಂದು ಮಾತು. ಎಷ್ಟೋ ಸಲ ಸೋಲೋದು ಲೋಹವಲ್ಲ, ಮೂಳೆ. ಟೊಳ್ಳಾದ ಮೂಳೆಯಲ್ಲಿ ಸ್ಕ್ರೂ ಹಳೇ ಮಣ್ಣಿನ ಗೋಡೆಗೆ ಹೊಡೆದ ಮೊಳೆಯ ಹಾಗೆ ಕಿತ್ತುಕೊಂಡು ಬರುತ್ತೆ. 1995ರಲ್ಲಿ ಅಮೆರಿಕದ ಬೌಮ್‌ಗಾರ್ಟ್‌ನರ್ ತಂಡ ಸ್ಕ್ರೂ ತುದಿಯಿಂದ ಮೂಳೆತಲೆಯ ತುದಿಗಿರುವ ಅಂತರವನ್ನು ಎರಡು ಎಕ್ಸ್‌ರೇಗಳಲ್ಲಿ ಅಳೆದು ಕೂಡಿಸಿತು. ಮೊತ್ತ 25 ಮಿ.ಮೀ. ಅಥವಾ ಕಡಿಮೆ ಇದ್ದ 120 ಸ್ಕ್ರೂಗಳಲ್ಲಿ ಒಂದೂ ಕಿತ್ತು ಬರಲಿಲ್ಲ.

ಹಾಗಾಗಿ ಫೋನಲ್ಲಿ "ಯಾವುದು ಗಟ್ಟಿ?" ಅನ್ನೋದರ ಬದಲು ಹೀಗೆ ಕೇಳಿ: ಮುರಿತ ಎಲ್ಲಿದೆ, ಎಷ್ಟು ತುಂಡು? ಆಪರೇಷನ್ ಇವತ್ತೋ ನಾಳೆಯೋ ಆಗುತ್ತಾ? ಮಾರನೇ ದಿನವೇ ಅಮ್ಮನನ್ನು ನಿಲ್ಲಿಸ್ತೀರಾ? ಆಮೇಲೆ ಎಕ್ಸ್‌ರೇ ಬಂದಾಗ, ಸ್ಕ್ರೂ ತುದಿ ಎಲ್ಲಿ ಕೂತಿದೆ ಅಂತಲೂ ಕೇಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಷ್ಟರೊಳಗೆ ಊರಿನ ಬಚ್ಚಲಿಗೊಂದು ಹಿಡಿಕೆ ಹಾಕ್ಸಿ.