ಮಳೆಗಾಲದಲ್ಲಿ ಕಿಟಕಿ ತೆರೆದಿಟ್ಟರೆ ಮನೆಯ ತೇವ ಹೋಗುತ್ತದೆಯೇ?

ಜೂನ್ ಕಳೆಯುವಷ್ಟರಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಚಪ್ಪಲಿ, ಬೆಲ್ಟು, ಬೀರುವಿನ ಹಿಂದಿನ ಗೋಡೆ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. 'ಕಿಟಕಿ ತೆಗೆದಿಡಿ, ಗಾಳಿಯಾಡಿದರೆ ಒಣಗುತ್ತೆ' ಎನ್ನುವುದು ನಾವೆಲ್ಲ ಕೇಳಿರುವ ಮಾತು. ಇದು ಅರ್ಧ ಮಾತ್ರ ನಿಜ.

ಗಾಳಿ ಬಿಸಿಯಾದಷ್ಟೂ ಅದರಲ್ಲಿ ಹೆಚ್ಚು ನೀರಾವಿ ಇರಬಲ್ಲದು. ಒಂದು ಘನ ಮೀಟರ್ ಗಾಳಿಯಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 17 ಗ್ರಾಂ, 30 ಡಿಗ್ರಿಗೆ ಸುಮಾರು 30 ಗ್ರಾಂ. ಈ ಮಿತಿಯಲ್ಲಿ ಎಷ್ಟು ಪಾಲು ತುಂಬಿದೆ ಎಂಬುದೇ ಸಾಪೇಕ್ಷ ಆರ್ದ್ರತೆ. ಜಡಿಮಳೆಯಲ್ಲಿ ಹೊರಗೆ 24 ಡಿಗ್ರಿ, ಆರ್ದ್ರತೆ ಶೇ. 95 ಎಂದುಕೊಳ್ಳೋಣ. ಅದೇ ಗಾಳಿ ಒಳಬಂದು 27 ಡಿಗ್ರಿಗೆ ಬೆಚ್ಚಗಾದರೂ ಆರ್ದ್ರತೆ ಶೇ. 80ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೂಸ್ಟು ಬೆಳೆಯದಿರಲು ಅದು ಶೇ. 60ಕ್ಕಿಂತ ಕೆಳಗಿರಬೇಕು. ಧೂಳುಹುಳಗಳಿಗಂತೂ ಶೇ. 50 ದಾಟಿದರೆ ಹಬ್ಬ. ಅಸ್ತಮಾ ಇರುವವರಿಗೆ ಎರಡೂ ಆಗಿಬರುವುದಿಲ್ಲ.

ಹಾಗಾದರೆ ಕಿಟಕಿ ಯಾವಾಗ ತೆರೆಯಬೇಕು? ಅನ್ನ ಬೇಯುವಾಗ, ಸ್ನಾನವಾದ ಮೇಲೆ, ಮಳೆ ನಿಂತು ಬಿಸಿಲು ಬಿದ್ದಾಗ. ಒಳಗೆ ಹುಟ್ಟಿದ ಹಬೆಯನ್ನು ಹೊರಹಾಕಲು ಅದಕ್ಕಿಂತ ಅಗ್ಗದ ಉಪಾಯವಿಲ್ಲ. ಆದರೆ ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಹರವಿದರೆ ಆ ನೀರೆಲ್ಲ ನಾವು ಉಸಿರಾಡುವ ಗಾಳಿಗೇ ಸೇರುತ್ತದೆ. ಜಗಲಿಯೇ ವಾಸಿ.

ಮೂಲೆಯಲ್ಲಿಡುವ ಉಪ್ಪಿನ ಬಟ್ಟಲು? ಅಡುಗೆ ಉಪ್ಪು ಚೆನ್ನಾಗಿ ನೀರು ಹೀರುವುದು ಆರ್ದ್ರತೆ ಸುಮಾರು ಶೇ. 75 ದಾಟಿದ ಮೇಲೆ. ಅದು ನೀರಾಗುವ ಹೊತ್ತಿಗೆ ಬೂಸ್ಟು ಬಂದಾಗಿರುತ್ತದೆ. ತೇವ ಹೀರುವ ಯಂತ್ರವೋ ಎ.ಸಿ.ಯೋ ಇದ್ದರೆ, ಅದು ಓಡುವಾಗ ಕಿಟಕಿ ಮುಚ್ಚಿರಲಿ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಡಿ.